ರಾತ್ರಿ ಎದ್ದ ಲೆಕ್ಕವನ್ನು ಕೌದಿ ಮೇಲೆ ಹೊಲಿದಿದ್ದೇನೆ, ಇದು ಕಲೆ ಅಲ್ವಾ?

ಕೌದಿದಾರ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಇಲ್ಲಿ ಹೇಳಿಕೊಳ್ಳೋಣ ಅನಿಸಿತು.

ನಾನು ನಮ್ಮೂರಿನ ದೃಶ್ಯಕಲಾ ಕಾಲೇಜಿನಲ್ಲೇ ಪೇಂಟಿಂಗ್ ಓದಿದವಳು. ಮದುವೆ ಆದಮೇಲೂ ಬಿಡಿಸುತ್ತಿದ್ದೆ. ಮಗಳು ಹುಟ್ಟಿದ ಮೇಲೆ ನಿಂತುಹೋಯಿತು. ಕೂಸಿರುವ ಮನೆಯಲ್ಲಿ ಎಣ್ಣೆ ಬಣ್ಣ, ಟರ್ಪೆಂಟೈನ್ ವಾಸನೆ ಆಗಲ್ಲ. ಕ್ಯಾನ್ವಾಸ್ ಮುಂದೆ ನಿಂತರೆ ಹತ್ತು ನಿಮಿಷಕ್ಕೆ ಅಳು ಶುರು.

ಬಾಣಂತನಕ್ಕೆ ತವರಿಗೆ ಹೋದಾಗ ಅವ್ವ ತನ್ನ ಹಳೇ ಸೀರೆಗಳನ್ನು ಸೇರಿಸಿ ಒಂದು ಕೌದಿ ಹೊಲಿದು ಕೊಟ್ಟಿದ್ದಳು. ಒಂದು ರಾತ್ರಿ ಮಗಳು ನಾಲ್ಕು ಸಲ ಎದ್ದಳು. ಬೆಳಿಗ್ಗೆ ಸಿಟ್ಟಿತ್ತೋ ಸುಸ್ತಿತ್ತೋ ಗೊತ್ತಿಲ್ಲ, ಕೆಂಪು ದಾರ ತಗೊಂಡು ಕೌದಿಯ ಅಂಚಿಗೆ ನಾಲ್ಕು ಹೊಲಿಗೆ ಹಾಕಿದೆ. ಮಾರನೇ ದಿನ ಐದು. ಹಾಗೇ ಹದಿನಾಲ್ಕು ತಿಂಗಳು ನಡೆಯಿತು. ಒಂದು ರಾತ್ರಿಗೆ ಒಂದು ಸಾಲು, ಒಂದು ಸಲ ಎದ್ದರೆ ಒಂದು ಹೊಲಿಗೆ. ನಾನೂರು ಸಾಲು ದಾಟಿದೆ. ಮೇಲೆ ಕೆಂಪು ದಟ್ಟವಾಗಿದೆ, ಕೆಳಗೆ ಬರುತ್ತಾ ಬರುತ್ತಾ ತೆಳುವಾಗುತ್ತದೆ. ಕೊನೆಯ ಕೆಲವು ಸಾಲುಗಳಲ್ಲಿ ಬರೀ ಬಟ್ಟೆ.

ಇದನ್ನು ಒಂದು ಪ್ರದರ್ಶನಕ್ಕೆ ಕೊಟ್ಟೆ. ಆಯ್ಕೆ ಮಾಡುವವರಲ್ಲಿ ಒಬ್ಬರು ಫೋನ್ ಮಾಡಿದರು. "ಚೆನ್ನಾಗಿದೆ ಅಮ್ಮಾ, ಆದರೆ ಇದು ಕರಕುಶಲ, ಮನೆ ವಿಷಯ. ತಾಯ್ತನದ ಮೇಲೆ ಬೇಕಂದ್ರೆ ತಾಯಿ ಮಗುವಿನ ಒಂದು ಪೇಂಟಿಂಗ್ ಮಾಡಿ ಕೊಡಿ" ಅಂದರು.

ನನ್ನ ಪ್ರಶ್ನೆ ಇಷ್ಟೇ. ಈಗಿನ ಕಲಾವಿದೆಯರು ತಾಯ್ತನವನ್ನು ತಮ್ಮ ಕೆಲಸದಲ್ಲಿ ಹೇಗೆ ತರುತ್ತಿದ್ದಾರೆ? ಗೊತ್ತಿದ್ದವರು ಹೇಳಿ. ನನಗೆ ನಿಜವಾಗಿಯೂ ಬೇಕಾಗಿದೆ.

ದುರ್ಗದ ಕಲ್ಲು (ಚಿತ್ರದುರ್ಗ)
ಫೋಟೋ ಹಾಕಿ ಅಕ್ಕ, ನೋಡದೆ ಏನು ಹೇಳೋದು?

ಕೌದಿದಾರ
ಹಾಕಿದ್ದೇನೆ. ಟ್ಯೂಬ್‌ಲೈಟ್ ಬೆಳಕಲ್ಲಿ ಸರಿಯಾಗಿ ಬಂದಿಲ್ಲ. ಮೂಲೆಯಲ್ಲಿ ಕಾಣುವ ಹಳದಿ ಕಲೆ ಬಜೆ ತೇಯ್ದ ನೀರಿನದು. ತೊಳೆಯಬಾರದು ಅಂತ ಹಾಗೇ ಬಿಟ್ಟೆ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು (ದಾವಣಗೆರೆ)
ತಂಗೀ, ನಿಮಗೆ ಫೋನ್ ಮಾಡಿದವರು ಐವತ್ತು ವರ್ಷ ಹಿಂದೆ ಇದ್ದಾರೆ. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಮೇರಿ ಕೆಲ್ಲಿ ಅಂತ ಒಬ್ಬ ಕಲಾವಿದೆ. ಮಗ ಹುಟ್ಟಿದ ಮೇಲೆ 1973ರಿಂದ 1979ರವರೆಗೆ ಒಂದೇ ಕೆಲಸ ಮಾಡಿದರು. ಮಗುವಿನ ಚಡ್ಡಿಯೊಳಗೆ ಇಡುವ ಬಟ್ಟೆ, ಅದರ ಮೇಲಿನ ಕಲೆ, ಅವತ್ತು ಏನು ತಿನ್ನಿಸಿದರು ಅನ್ನುವ ಲೆಕ್ಕ. ಆಮೇಲೆ ಮಗ ಗೀಚಿದ ಗೀಟು, ಅವನ ತೊದಲು ಮಾತು, ಪಕ್ಕದಲ್ಲಿ ತಾಯಿಯ ಟಿಪ್ಪಣಿ. ಇದನ್ನೆಲ್ಲ ಚೌಕಟ್ಟು ಹಾಕಿ 1976ರಲ್ಲಿ ಲಂಡನ್ನಿನಲ್ಲಿ ಗೋಡೆಗೆ ಹಾಕಿದರು. ಪತ್ರಿಕೆಗಳು ಕೂಗಾಡಿದವು. ಇವತ್ತು ಅದನ್ನು ಬಿಟ್ಟು ಆ ಕಾಲದ ಕಲೆಯ ಪಾಠ ಮಾಡಕ್ಕೆ ಆಗಲ್ಲ. ಆ ಕೆಲಸದಲ್ಲಿ ತಾಯಿಯ ಮುಖವಾಗಲಿ ಮಗುವಿನ ಮುಖವಾಗಲಿ ಎಲ್ಲೂ ಕಾಣುವುದಿಲ್ಲ. ಇದನ್ನು ಗಮನಿಸಿ.

ಇನ್ನೊಬ್ಬರು ಮಿಯರ್ಲ್ ಲೇಡರ್‌ಮನ್ ಯೂಕಲೀಸ್, ನ್ಯೂಯಾರ್ಕಿನವರು. ಮೊದಲ ಮಗು ಆದಮೇಲೆ 1969ರಲ್ಲಿ ಒಂದು ಪ್ರಣಾಳಿಕೆ ಬರೆದರು. ಒರೆಸುವುದು, ತೊಳೆಯುವುದು, ಉಣಿಸುವುದು, ಇವೆಲ್ಲವನ್ನೂ ನಾನು ಕಲೆ ಅಂತಲೇ ಮಾಡುತ್ತೇನೆ ಅಂದರು. ಬರೀ ಮಾತಲ್ಲೇ ಬಿಡಲಿಲ್ಲ. 1973ರಲ್ಲಿ ಹಾರ್ಟ್‌ಫರ್ಡ್ ಊರಿನ ಮ್ಯೂಸಿಯಂ ಮೆಟ್ಟಿಲನ್ನು ಮಂಡಿಯೂರಿ ತೊಳೆದರು. ಆಮೇಲೆ 1979-80ರಲ್ಲಿ ನ್ಯೂಯಾರ್ಕಿನ 8,500 ಪೌರಕಾರ್ಮಿಕರ ಕೈ ಕುಲುಕಿ ಒಬ್ಬೊಬ್ಬರಿಗೂ ಧನ್ಯವಾದ ಹೇಳಿದರು. ಬಾಣಂತಿ ಕೋಣೆಯಲ್ಲಿ ಹುಟ್ಟಿದ ಯೋಚನೆ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಭಟ್ಟಿ ರಸ್ತೆ (ದಾವಣಗೆರೆ)
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ನನಗೆ ಒಪ್ಪಿಗೆ ಆಗಲಿಲ್ಲ. ತಾಯಿ ಅಂದರೆ ನಮಗೆ ದೇವರು. ನಮ್ಮೂರನ್ನೇ ದುಗ್ಗಮ್ಮ ಕಾಯುತ್ತಾಳೆ ಅಂತ ನಂಬಿದವರು ನಾವು. ಅಂಥದ್ದನ್ನು ತಗೊಂಡು ಹೋಗಿ ಚಡ್ಡಿ, ಕಲೆ, ರಕ್ತ ಅಂತ ಗೋಡೆಗೆ ಹಾಕೋದು ಯಾಕೆ? ಅಕ್ಕನ ಕೌದಿ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ವಿದೇಶದವರು ಮಾಡಿದ್ದೆಲ್ಲ ನಮಗೆ ಮಾದರಿ ಆಗಬೇಕಾ ಅನ್ನೋದೇ ನನ್ನ ಪ್ರಶ್ನೆ.

ವಾರ್ಡ್ ಸಿಸ್ಟರ್ (ಚಿತ್ರದುರ್ಗ)
@ಭಟ್ಟಿ ರಸ್ತೆ, ಅಣ್ಣಾ, ನಾನು ಹತ್ತೊಂಬತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ದೇವರು ಅಂತೀರಲ್ಲ, ಆ ದೇವರು ಹೆತ್ತ ಮೇಲೆ ಗೋಡೆ ಹಿಡ್ಕೊಂಡು ನಡೀತಾಳೆ. ಯಾರೂ ಅವಳನ್ನು ನೋಡಲ್ಲ. ಬಂದವರೆಲ್ಲ ಕೂಸನ್ನು ನೋಡ್ತಾರೆ.

ರಿನೆಕೆ ಡೈಕ್‌ಸ್ಟ್ರಾ ಅನ್ನೋ ಡಚ್ ಛಾಯಾಗ್ರಾಹಕಿ 1994ರಲ್ಲಿ ಮೂವರು ಬಾಣಂತಿಯರ ಫೋಟೋ ತೆಗೆದಿದ್ದಾರೆ. ಒಬ್ಬಳು ಹೆತ್ತು ಒಂದು ಗಂಟೆ, ಒಬ್ಬಳು ಒಂದು ದಿನ, ಒಬ್ಬಳು ಒಂದು ವಾರ. ಬರಿಮೈಯಲ್ಲಿ ಗೋಡೆಯ ಮುಂದೆ ನಿಂತು ಕೂಸನ್ನು ಎದೆಗೆ ಒತ್ತಿಕೊಂಡಿದ್ದಾರೆ. ಒಬ್ಬಳ ಕಾಲಲ್ಲಿ ರಕ್ತ ಇಳಿದಿದೆ. ಇನ್ನೊಬ್ಬಳ ಹೊಟ್ಟೆಯಲ್ಲಿ ಸಿಸೇರಿಯನ್ ಗೀಟು. ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತು. ನಾನು ದಿನಾ ನೋಡೋದು ಇದನ್ನೇ ಅಲ್ವಾ, ಯಾರೋ ಒಬ್ಬರು ಪೂರ್ತಿ ಗೌರವದಿಂದ ನಿಂತು ನೋಡಿದ್ದಾರಲ್ಲ ಅಂತ.

ಬಾದಾಮಿ ಸುತ್ತಿದವಳು (ಹರಿಹರ)
"ವಿದೇಶದವರು" ಅಂದರಲ್ಲ, ಬಾದಾಮಿ ಮ್ಯೂಸಿಯಂಗೆ ಹೋಗಿ ಬನ್ನಿ ಅಣ್ಣ. ಅಲ್ಲಿ ಲಜ್ಜಾಗೌರಿ ಇದ್ದಾಳೆ. ಹೆರುವ ಭಂಗಿಯಲ್ಲಿ ಕಾಲು ಮಡಚಿ ಅಗಲಿಸಿ ಇರುವ ದೇವಿ, ತಲೆ ಇರುವ ಕಡೆ ತಾವರೆ. ನಮ್ಮ ಶಿಲ್ಪಿಗಳಿಗೆ ಇದರಲ್ಲಿ ನಾಚಿಕೆ ಇರಲಿಲ್ಲ.

ಭಟ್ಟಿ ರಸ್ತೆ
ಲಜ್ಜಾಗೌರಿಗೆ ಮಕ್ಕಳಾಗಲಿ ಅಂತ ಹರಕೆ ಹೊರುತ್ತಿದ್ದರು. ಅದು ಪೂಜೆ. ಗ್ಯಾಲರಿ ಬೇರೆ.

ಬಾದಾಮಿ ಸುತ್ತಿದವಳು
ಪೂಜೆ ಮಾಡುವಾಗ ಸರಿ ಇದ್ದ ಮೈ, ಹೆತ್ತವಳೇ ತೋರಿಸಿದರೆ ಯಾಕೆ ತಪ್ಪಾಗುತ್ತದೆ? ಅಷ್ಟು ಹೇಳಿ ಸಾಕು.

ಮಲೆನಾಡಿನಿಂದ ಬಂದವನು (ದಾವಣಗೆರೆ)
ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ಹೆಸರು ಯಾರೂ ಹೇಳಲಿಲ್ಲವಲ್ಲ. ಸೆಗಣಿ, ಕುಂಕುಮ, ದಾರ, ಸೂಜಿ ಬಳಸಿ ಜಗತ್ತಿನ ದೊಡ್ಡ ದೊಡ್ಡ ಕಡೆ ತೋರಿಸಿದ್ದಾರೆ. ತಾಯ್ತನದ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳಿದ ಕನ್ನಡದವರು ಇನ್ನೊಬ್ಬರಿಲ್ಲ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಹೆಸರು ಹೇಳಿದ್ದು ಒಳ್ಳೆಯದಾಯಿತು, ಆದರೆ ಅಲ್ಲಿ ಸ್ವಲ್ಪ ಎಳೆದುಬಿಟ್ಟಿರಿ. 1998ರ ಅವರ ಸೂಜಿ ದಾರದ ಕೆಲಸ ಹೆಣ್ಣಿನ ದುಡಿಮೆ, ನೋವಿನ ಬಗ್ಗೆ. ಉದ್ದುದ್ದ ದಾರಗಳನ್ನು ಸೂಜಿಗಳ ಕಣ್ಣಲ್ಲಿ ಹಾಯಿಸಿ, ಕುಂಕುಮ ಅಂಟು ಹಚ್ಚಿ ಹಗ್ಗ ಮಾಡಿದ್ದಾರೆ. ಹಗ್ಗದ ತುದಿಗೆ ಸೂಜಿಗಳ ಗೊಂಚಲು ಹಾಗೇ ಇದೆ. ಅದನ್ನು ನೋಡಿ ಕರುಳಬಳ್ಳಿ ನೆನಪಾದರೆ ಆಗಲಿ. ಹಾಗಂತ ಹೆಣ್ಣು ಮಾಡಿದ್ದನ್ನೆಲ್ಲ ತಾಯ್ತನದ ಖಾತೆಗೆ ಹಾಕಬಾರದು. ಅದೂ ಒಂದು ಅನ್ಯಾಯವೇ.

ಆದರೆ ಕೌದಿಯನ್ನು ಕರಕುಶಲ ಅಂದವರಿಗೆ ತೋರಿಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸೂಜಿ ದಾರ ಹಿಡಿದರೆ ಕಲೆ ಆಗಲ್ಲ ಅನ್ನುವ ಕಾಲ ಮುಗಿದಿದೆ.

ಮಲೆನಾಡಿನಿಂದ ಬಂದವನು
ಒಪ್ಪಿದೆ ಮೇಷ್ಟ್ರೇ.

ಜೇಡರ ಬಲೆ (ಹೊಳಲ್ಕೆರೆ)
ಹೊಲಿಗೆ ಅಂದಮೇಲೆ ಶಿಲ್ಪಿ ಲೂಯಿಸ್ ಬೂರ್ಜ್ವಾ ಅವರ ಜೇಡದ ಶಿಲ್ಪದ ಬಗ್ಗೆ ಹೇಳಲೇಬೇಕು. 1999ರದು, 30 ಅಡಿ ಎತ್ತರ. ಹೊಟ್ಟೆಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳಿವೆ. ಅವರ ತಾಯಿ ಹಳೇ ನೇಯ್ಗೆಯ ಚಿತ್ರಪಟಗಳನ್ನು ರಿಪೇರಿ ಮಾಡುತ್ತಿದ್ದರು. ಹರಿದದ್ದನ್ನು ಕೂಡಿಸುವ ತಾಯಿ, ಅದಕ್ಕೇ ಜೇಡ. ಅಡಿಯಲ್ಲಿ ನಿಂತರೆ ಹೆದರಿಕೆಯೂ ಆಗುತ್ತದೆ, ನೆರಳೂ ಸಿಗುತ್ತದೆ. ಸ್ಪೇನಿನ ಬಿಲ್ಬಾವೊದಲ್ಲಿ ಮಾತ್ರ ಇದೆ.

ಬಾದಾಮಿ ಸುತ್ತಿದವಳು
ಅಲ್ಲಿ ಮಾತ್ರ ಅಲ್ಲ. ಉಕ್ಕಿನ ಮೂಲ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಬಿಲ್ಬಾವೊ, ಒಟ್ಟಾವಾ, ಟೋಕಿಯೊದಲ್ಲಿ ಇರುವುದು ಕಂಚಿನ ಎರಕ.

ನಮ್ಮವರ ಪೈಕಿ ಭಾರ್ತಿ ಖೇರ್ ಅವರನ್ನು ನೋಡಿ. 2022ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಾಗಿಲಲ್ಲಿ 18 ಅಡಿಯ ಕಂಚಿನ ತಾಯಿಯನ್ನು ನಿಲ್ಲಿಸಿದರು. ಮೈಮೇಲೆಲ್ಲ 23 ಮಕ್ಕಳ ತಲೆಗಳು. ದೇವಿಯ ಹಾಗೂ ಇದ್ದಾಳೆ, ಹೊತ್ತು ಹೊತ್ತು ನಿಂತ ಹೆಂಗಸಿನ ಹಾಗೂ ಇದ್ದಾಳೆ. ಬೆಂಗಳೂರಿನ ಎನ್. ಪುಷ್ಪಮಾಲಾ ಹಿಡಿದ ದಾರಿ ಬೇರೆ. ಭಾರತಮಾತೆಯ ವೇಷ ತಾವೇ ಹಾಕಿಕೊಂಡು ಫೋಟೋ ತೆಗೆಸಿದ್ದಾರೆ. ಕ್ಯಾಲೆಂಡರಿನಲ್ಲಿ ನಾವು ದಿನಾ ನೋಡುವ ಆ ತಾಯಿಯನ್ನು ಯಾರು ಮಾಡಿದರು, ಯಾಕೆ ಮಾಡಿದರು ಅಂತ ಕೇಳುವ ಹಾಗೆ ಮಾಡುತ್ತಾರೆ. @ಭಟ್ಟಿ ರಸ್ತೆ ಅಣ್ಣನ ಪ್ರಶ್ನೆಗೆ ಇದೇ ಹತ್ತಿರ ಅನ್ಸುತ್ತೆ.

ಕಂಪನಿ ಮೊಮ್ಮಗ (ದಾವಣಗೆರೆ)
ಚಿತ್ರ, ಶಿಲ್ಪ ಅಷ್ಟೇ ಮಾತಾಡ್ತಿದ್ದೀರಿ. ನಾಟಕ ಕಂಪನಿಯ ಊರಿನಲ್ಲಿ ಕೂತು ನಟಿಯರನ್ನು ಮರೆತರೆ ಹೇಗೆ? ಚಿಂದೋಡಿ ಲೀಲಾ ಅವರ ಊರು ಇದು. ಕೆ.ಬಿ.ಆರ್. ಡ್ರಾಮಾ ಕಂಪನಿ ಕಟ್ಟಿದ ಮನೆತನ. 1988ರಲ್ಲಿ ಪದ್ಮಶ್ರೀ ಬಂತು ಅವರಿಗೆ.

ನಮ್ಮಜ್ಜಿ ಬೇರೆ ಒಂದು ಸಣ್ಣ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದಳು. ನಮ್ಮಪ್ಪ ಬೆಳೆದದ್ದು ಸೈಡ್‌ವಿಂಗಿನಲ್ಲಿ. ಪರದೆಯ ಹಗ್ಗಕ್ಕೆ ಸೀರೆ ಕಟ್ಟಿ ಜೋಲಿ. ಅಜ್ಜಿ ಒಂದು ಸೀನು ಮುಗಿಸಿ ಬಂದು, ಮುಖದ ಬಣ್ಣ ಕೂಸಿನ ಬಾಯಿಗೆ ತಾಗಬಾರದು ಅಂತ ಸೆರಗಿನಿಂದ ಎದೆ ಒರೆಸಿಕೊಂಡು ಹಾಲು ಕೊಡುತ್ತಿದ್ದಳಂತೆ. ಹಾರ್ಮೋನಿಯಂ ಮೇಷ್ಟ್ರು ಅಷ್ಟು ಹೊತ್ತು ಸುಮ್ನೆ ಹಾಡು ಎಳೆಯುತ್ತಿದ್ದರು. ವೇದಿಕೆಯ ಮೇಲೆ ಅವಳು ಮಾಡುತ್ತಿದ್ದದ್ದು ಮಗನನ್ನು ಕಳಕೊಂಡ ತಾಯಿಯ ಪಾರ್ಟು. ಒಳಗೆ ಕೂಸು ಅತ್ತರೆ ಹೊರಗೆ ಅವಳ ಅಳು ನಿಜವಾಗುತ್ತಿತ್ತು ಅಂತ ಅವಳೇ ಹೇಳುತ್ತಿದ್ದಳು. ಇದನ್ನು ಯಾರೂ ಬರೆದಿಟ್ಟಿಲ್ಲ. ನನಗೆ ಅದೇ ಸಂಕಟ.

ಸಾಣೇಹಳ್ಳಿ ಪ್ರೇಕ್ಷಕ (ಹೊಸದುರ್ಗ)
ಓದಿ ಸುಮ್ಮನೆ ಕೂತೆ. ಅಣ್ಣಾ, ಅಪ್ಪ ಇದ್ದರೆ ಈಗಲೇ ಕೂರಿಸಿಕೊಂಡು ರೆಕಾರ್ಡ್ ಮಾಡಿ.

ಕಂಪನಿ ಮೊಮ್ಮಗ
ಇದ್ದಾರೆ. ಈ ಭಾನುವಾರ ಕೂರಿಸುತ್ತೇನೆ.

ಹಿರಿಯೂರು ಹುಡುಗಿ
ನಾನು ಹೇಳೋದು ಸ್ವಲ್ಪ ಬೇರೆ. ನಮ್ಮ ಕಡೆಯ ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಕೂಸಿನ ಸಮೇತ ಹಟ್ಟಿಯ ಆಚೆ ಗುಡಿಸಲಲ್ಲಿ ಇಡುವ ಪದ್ಧತಿ ಇತ್ತು, ಕೆಲವು ಕಡೆ ಇನ್ನೂ ಇದೆ. ನನ್ನ ದೊಡ್ಡಮ್ಮ ಮಳೆಗಾಲದಲ್ಲಿ ಹಾಗೆ ಇದ್ದವಳು. ಸೋರುವ ಕಡೆಯಿಂದ ಕೂಸನ್ನು ಸರಿಸಿ ಸರಿಸಿ ರಾತ್ರಿ ಕಳೆದೆ ಅನ್ನುತ್ತಾಳೆ. ತಾಯಿ ದೇವರು ಅನ್ನುವ ಮಾತು ಕೇಳಿದಾಗ ನನಗೆ ಆ ಗುಡಿಸಲು ಕಾಣುತ್ತದೆ.

ಗೌರಿ ಗಿಲ್ ಅವರ ಫೋಟೋಗಳು ನನಗೆ ಅದಕ್ಕೇ ಹತ್ತಿರ. 2005ರಲ್ಲಿ ರಾಜಸ್ಥಾನದ ಹಳ್ಳಿಯೊಂದರಲ್ಲಿ ತೆಗೆದದ್ದು. ಒಬ್ಬ ಸೂಲಗಿತ್ತಿ ತನ್ನ ಮೊಮ್ಮಗುವನ್ನೇ ಬರಮಾಡಿಕೊಳ್ಳುವ ಹೆರಿಗೆ. ಆಕೆಯೇ ಕರೆದು ಫೋಟೋ ತೆಗೆಸಿದ್ದು. ಮಣ್ಣಿನ ನೆಲ, ಎರಡು ಕೈ. ನಮ್ಮ ಪಕ್ಕದ ಪಾವಗಡದ ಸೂಲಗಿತ್ತಿ ನರಸಮ್ಮ ನೆನಪಾಗುತ್ತಾರೆ. ಒಂದು ರೂಪಾಯಿ ತಗೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಅವರ ಕೈಗಳ ಫೋಟೋ ಯಾರಾದರೂ ಹೀಗೆ ತೆಗೆದಿದ್ದರೆ ಅಂತ ಆಸೆ.

ವಾರ್ಡ್ ಸಿಸ್ಟರ್
ಗುಡಿಸಲಿನಿಂದ ಥಂಡಿ ಹತ್ತಿಸಿಕೊಂಡು ಬಂದ ಕೂಸುಗಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ನೀವು ಬರೆದದ್ದಕ್ಕೆ ಧನ್ಯವಾದ ತಾಯಿ.

ಹೆಸರು ಬೇಡ
ತಾಯಿ ಆಗಲಾರದವರ ಬಗ್ಗೆ ಯಾರಾದರೂ ಮಾಡಿದ್ದಾರಾ? ನನಗೆ ಮೂರು ಸಲ ಬಸಿರು ನಿಂತು, ಹೋಯಿತು. ಸೀಮಂತಕ್ಕೆ ತಂದಿದ್ದ ಹಸಿರು ಬಳೆ ಇನ್ನೂ ಡಬ್ಬಿಯಲ್ಲಿದೆ. ಮನೆಯಲ್ಲಿ ಅದರ ಬಗ್ಗೆ ಮಾತೇ ಇಲ್ಲ.

ಬಾದಾಮಿ ಸುತ್ತಿದವಳು
ಮಾಡಿದ್ದಾರೆ ಅಕ್ಕ. ಫ್ರಿಡಾ ಕಾಹ್ಲೊ 1932ರಲ್ಲೇ ಮಾಡಿದ್ದಾರೆ. ಡೆಟ್ರಾಯಿಟ್‌ನಲ್ಲಿ ಗರ್ಭ ಹೋದಾಗ ಆಸ್ಪತ್ರೆಯ ಮಂಚದ ಮೇಲೆ ತನ್ನನ್ನೇ ಬಿಡಿಸಿಕೊಂಡರು. ಕೈಯಿಂದ ಕೆಂಪು ದಾರಗಳು ಹೊರಟಿವೆ, ಒಂದರ ತುದಿಗೆ ಹುಟ್ಟದ ಕೂಸು, ಒಂದರ ತುದಿಗೆ ಬಸವನಹುಳು.

ಜೇಡರ ಬಲೆ
ಅದು ಸಮಕಾಲೀನ ಅಲ್ಲವಲ್ಲ. ಪ್ರಶ್ನೆ ಈಗಿನವರ ಬಗ್ಗೆ ಇತ್ತು.

ಬಾದಾಮಿ ಸುತ್ತಿದವಳು
ಕೇಳಿದ್ದು ಒಬ್ಬ ಅಕ್ಕ ತನ್ನ ನೋವು ಹೇಳಿಕೊಂಡು. ಇಸವಿ ಆಮೇಲೆ ನೋಡೋಣ. ಈಚಿನವರೂ ಇದ್ದಾರೆ. ಪೋರ್ಚುಗಲ್ ಮೂಲದ ಪೌಲಾ ರೇಗೊ, ಗರ್ಭಪಾತ ಅಪರಾಧ ಅಂತಿದ್ದ ತನ್ನ ದೇಶದಲ್ಲಿ ಕದ್ದು ಮಾಡಿಸಿಕೊಳ್ಳುತ್ತಿದ್ದ ಹೆಂಗಸರನ್ನು 1998ರಲ್ಲಿ ಚಿತ್ರಿಸಿದರು. ಬಕೆಟ್ಟು, ಹಾಸಿಗೆ, ಒಂಟಿ ಹುಡುಗಿ. ನೋಡುವವರ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾರೆ ಆ ಹುಡುಗಿಯರು. ತಾಯ್ತನದ ಕಲೆ ಅಂದರೆ ಇದೂ ಸೇರಬೇಕು.

ಜೇಡರ ಬಲೆ
ಸರಿ, ನನ್ನದು ತಪ್ಪಾಯಿತು. ಅಕ್ಕ, ಕ್ಷಮಿಸಿ.

ಕೌದಿದಾರ
@ಹೆಸರು ಬೇಡ, ಅಕ್ಕಾ, ಆ ಬಳೆಗಳನ್ನು ಎಸೀಬೇಡಿ. ನೀವು ಒಪ್ಪಿದರೆ ಒಂದು ದಿನ ನಿಮ್ಮ ಜೊತೆ ಕೂರಬೇಕು ಅನಿಸುತ್ತಿದೆ. ಏನೂ ಮಾಡದಿದ್ದರೂ ಪರವಾಗಿಲ್ಲ, ಕೂರೋಣ.

ಹೆಸರು ಬೇಡ
ಬರ್ತೀನಿ.

ದುರ್ಗದ ಕಲ್ಲು
ಮಧ್ಯೆ ಒಂದು ಮಾತು. ದಾವಣಗೆರೆಗೆ ಬಂದರೆ ಬೆಣ್ಣೆ ದೋಸೆ ಎಲ್ಲಿ ತಿನ್ನಬೇಕು? ಹೋದ ಸಲ ಹೋದ ಕಡೆ ಬೆಣ್ಣೆಯೇ ಇರಲಿಲ್ಲ.

ಭಟ್ಟಿ ರಸ್ತೆ
ನನಗೆ ಬೇರೆ ಮೆಸೇಜ್ ಮಾಡಿ, ಕರ್ಕೊಂಡು ಹೋಗ್ತೀನಿ. ಇಲ್ಲಿ ಅದು ಬೇಡ.

ಮೊಳಕಾಲ್ಮೂರು ಮಗ್ಗ
ನಾನು ರೇಷ್ಮೆ ಸೀರೆ ನೇಯುವವನು, ಕಲೆಯ ಇತಿಹಾಸ ಗೊತ್ತಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ. ಎರಡು ವಿಷಯ. ಆ ಕೆಂಪು ದಾರ ಬಣ್ಣ ಬಿಡುತ್ತಾ ಮೊದಲು ನೋಡಿ. ಬಿಳಿ ಬಟ್ಟೆ ಒದ್ದೆ ಮಾಡಿ ದಾರದ ಮೇಲೆ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಆ ಕೌದಿ ಯಾವತ್ತೂ ನೆನೆಯಬಾರದು. ಎರಡನೆಯದು, ಮೂಲೆಗೆ ಮೊಳೆ ಹೊಡೆದು ತೂಗುಹಾಕಬೇಡಿ, ಹಳೇ ಸೀರೆ ಹರಿಯುತ್ತದೆ. ಹಿಂದುಗಡೆ ಮೇಲಂಚಿಗೆ ಅಗಲವಾದ ಒಂದು ಪಟ್ಟಿ ಹೊಲಿದು ಅದರೊಳಗೆ ಕೋಲು ತೂರಿಸಿ. ಆಗ ಭಾರ ಎಲ್ಲ ಕಡೆ ಹಂಚಿಹೋಗುತ್ತದೆ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಇದು ಬೇಕಾಗಿದ್ದ ಮಾತು. ಗೋಡೆಗೆ ಅಂಟಿಸದೆ ನಡುವೆ ತೂಗುಹಾಕಿ ತಂಗೀ. ಹಿಂದಿನ ಗಂಟುಗಳೂ ಕಾಣಲಿ.

ದೊಡ್ಡಮ್ಮ (ಜಗಳೂರು)
ಎಲ್ಲರೂ ಹೊಗಳಿದಿರಿ. ನಾನೊಂದು ಕೇಳ್ತೀನಿ, ಬೇಜಾರಾಗಬೇಡ ಮಗಳೇ. ಆ ಹದಿನಾಲ್ಕು ತಿಂಗಳು ರಾತ್ರಿ ಕೂಸನ್ನು ಎತ್ತಿಕೊಂಡವಳು ನೀನೊಬ್ಬಳೇನಾ? ತವರಲ್ಲಿ ನಿಮ್ಮವ್ವ, ಇಲ್ಲಿ ನಿಮ್ಮತ್ತೆ, ಯಾರೂ ಏಳಲಿಲ್ವಾ? ನಾನು ಹೆತ್ತವಳಲ್ಲ. ತಂಗಿಯ ಇಬ್ಬರು ಮಕ್ಕಳನ್ನು ಬೆಳೆಸಿದೆ. ನನ್ನ ರಾತ್ರಿಗಳು ಯಾರ ಕೌದಿಯ ಮೇಲಿವೆ? ಮೇಷ್ಟ್ರು ಹೇಳಿದ ಫಾರಿನ್ ತಾಯಂದಿರೆಲ್ಲ ಒಬ್ಬೊಬ್ಬರೇ ಇದ್ದಾರೆ. ನಮ್ಮ ಮನೆಗಳಲ್ಲಿ ಹಾಗೆ ಇರಲ್ಲ.

ಬಾದಾಮಿ ಸುತ್ತಿದವಳು
ದೊಡ್ಡಮ್ಮಾ, ಎಣಿಸಿದ್ದು ಅವರು ತಾವು ಎದ್ದದ್ದನ್ನು. ಕಲಾವಿದೆ ತನ್ನ ಲೆಕ್ಕ ತಾನು ಹೇಳಬಾರದಾ? ಲೆಂಕಾ ಕ್ಲೇಟನ್ ಅಂತ ಇದ್ದಾರೆ, ಪಿಟ್ಸ್‌ಬರ್ಗ್‌ನವರು. ಮಗನ ಬಾಯಿಂದ ತೆಗೆದ 63 ವಸ್ತುಗಳನ್ನು ಜೋಡಿಸಿಟ್ಟರು. ಗುಂಡಿ, ನಾಣ್ಯ, ಕಾಗದದ ಚೂರು, ಅಂಥವೆಲ್ಲ. ಕಲಾವಿದರಿಗೆ ದೂರದ ಊರಲ್ಲಿ ಇದ್ದು ಕೆಲಸ ಮಾಡುವ ರೆಸಿಡೆನ್ಸಿ ಸಿಗುತ್ತದೆ, ತಾಯಂದಿರು ಹೋಗಕ್ಕಾಗಲ್ಲ. ಅದಕ್ಕೆ 2012ರಲ್ಲಿ ತಮ್ಮ ಮನೆಯನ್ನೇ ರೆಸಿಡೆನ್ಸಿ ಅಂತ ಘೋಷಿಸಿಕೊಂಡರು. ಅಡ್ಡಿ ಆಗುವ ಸಮಯವೇ ಸಾಮಗ್ರಿ. ಇವರು ಮಾಡಿದ್ದೂ ಅದನ್ನೇ.

ದೊಡ್ಡಮ್ಮ
ಹೇಳಲಿ, ಬೇಡ ಅಂದೆನಾ? ಕೂಸನ್ನು ಎತ್ತಿದ ಕೈ ಎಷ್ಟಿದ್ದವು ಅಂತ ಕೇಳಿದೆ ಅಷ್ಟೇ.

ಹಿರಿಯೂರು ಹುಡುಗಿ
ದೊಡ್ಡಮ್ಮ ಹೇಳೋದು ನನಗೆ ಸರಿ ಅನ್ಸುತ್ತೆ.

ಕೌದಿದಾರ
ಎರಡು ದಿನ ಇಲ್ಲಿಗೆ ಬರಲಿಲ್ಲ. ದೊಡ್ಡಮ್ಮನ ಮಾತು ಓದಿ ಮೊದಲು ಬೇಜಾರಾಯಿತು, ನಿಜ.

ನಿನ್ನೆ ಸಂಜೆ ಪಟ್ಟಿ ಹೊಲಿಯೋಣ ಅಂತ ಕೌದಿಯನ್ನು ನಡುಮನೆಯಲ್ಲಿ ಹಾಸಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಇಷ್ಟು ದಿನ ಅದೇನು ಅಂತ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಿನ್ನೆ ಹೇಳಿದೆ. ಅವರು ಸಾಲುಗಳ ಮೇಲೆ ಬೆರಳು ಓಡಿಸಿದರು. ಹನ್ನೊಂದು ಹೊಲಿಗೆ ಇರುವ ಒಂದು ಸಾಲಿನ ಹತ್ತಿರ ನಿಲ್ಲಿಸಿ, "ಇದು ಜ್ವರ ಬಂದ ರಾತ್ರಿ ಅಲ್ವಾ?" ಅಂದರು. ಹೌದು. ಆಮೇಲೆ ಒಂದು ಖಾಲಿ ಸಾಲಿನ ಮೇಲೆ ಬೆರಳಿಟ್ಟು, "ಇದ್ಯಾಕೆ ಖಾಲಿ?" ಅಂದರು. ಅವತ್ತು ಮಗಳು ಏಳಲಿಲ್ಲ, ನಾನು ಬೆಳಗಿನವರೆಗೂ ಮಲಗಿದ್ದೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎದ್ದಿದ್ದಳು. ಮೂರು ಸಲ. ನಿನಗೆ ಮೈ ಬಿಸಿ ಇತ್ತು, ಅದಕ್ಕೆ ನಾನು ಎತ್ತಿಕೊಂಡು ಹಿತ್ತಿಲ ಕಡೆ ಹೋಗಿದ್ದೆ" ಅಂದರು.

ನನಗೆ ಗೊತ್ತೇ ಇರಲಿಲ್ಲ. ಅಂಥ ಸಾಲು ಇನ್ನೂ ಎಷ್ಟಿವೆಯೋ. ಸೂಜಿ ಅವರ ಕೈಗೆ ಕೊಟ್ಟೆ. ಕೆಂಪು ಬೇಡ ಅಂದರು. ಡಬ್ಬಿ ಕೆದಕಿ ನೀಲಿ ದಾರ ತೆಗೆದು, ಕನ್ನಡಕ ಹಾಕಿಕೊಂಡು, ಆ ಖಾಲಿ ಸಾಲಿನಲ್ಲಿ ಮೂರು ಹೊಲಿಗೆ ಹಾಕಿದರು. ನನ್ನ ಹೊಲಿಗೆಗಿಂತ ಚಿಕ್ಕವು, ಒಂದೇ ಸಮ. ಇವತ್ತು ಬೆಳಿಗ್ಗೆ ನೋಡಿದರೆ ಇನ್ನೂ ಮೂರು ಸಾಲಿನಲ್ಲಿ ನೀಲಿ ಇದೆ. ಅವ್ವನಿಗೂ ಫೋನ್ ಮಾಡಿದ್ದೇನೆ, ಮುಂದಿನ ವಾರ ಬರುತ್ತಾಳೆ. ಅವಳ ದಾರ ಅವಳೇ ತರುತ್ತಾಳಂತೆ.

ದೊಡ್ಡಮ್ಮ
ನಿಮ್ಮತ್ತೆಗೆ ನಾನು ಕೇಳಿದೆ ಅಂತ ಹೇಳು ಮಗಳೇ.

ಭಟ್ಟಿ ರಸ್ತೆ
ಅಕ್ಕ, ಇದನ್ನು ಎಲ್ಲಿ ತೂಗುಹಾಕಿದರೂ ನಮ್ಮ ತಾಯಿಯನ್ನು ಕರ್ಕೊಂಡು ಬರ್ತೀನಿ. ಚಡ್ಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಇದಕ್ಕೆ ಬರ್ತೀನಿ.

ಮೊಳಕಾಲ್ಮೂರು ಮಗ್ಗ
ನೀಲಿಗೂ ಒದ್ದೆ ಬಟ್ಟೆ ಒತ್ತಿ ನೋಡಿದಿರಾ?

ಕೌದಿದಾರ
ನೋಡಿದೆ ಅಣ್ಣ. ನೀಲಿ ಬಿಡಲಿಲ್ಲ. ಕೆಂಪು ಸ್ವಲ್ಪ ಬಿಟ್ಟಿತು.